ಪ್ರಾಪ್‌ಗಳನ್ನು ತೆಗೆದರೂ ಉಳಿಯುವ ಥೀಮ್: ಒಂದು ಪಾಪ್-ಅಪ್ ಅಂಗಡಿಯ ವಿನ್ಯಾಸ

ವಿಷುಯಲ್ ಮರ್ಚಂಡೈಸಿಂಗ್ (ಅಂಗಡಿಯ ಸರಕನ್ನು ಕಣ್ಸೆಳೆಯುವಂತೆ ಜೋಡಿಸಿ ತೋರಿಸುವ ವಿದ್ಯೆ) ಕೋರ್ಸಿನ ಮುಖ್ಯ ಪ್ರಾಜೆಕ್ಟ್ ಆಗಿ ನಮಗೆ ಕೊಟ್ಟಿದ್ದ ಕೆಲಸ ಇದು: ಮುಂಭಾಗ 4 ಮೀಟರ್ ಅಗಲ, ಒಳಗೆ 6 ಮೀಟರ್ ಉದ್ದವಿರುವ ಖಾಲಿ ಮಳಿಗೆಯೊಂದರಲ್ಲಿ ಕೆಲವೇ ವಾರ ತೆರೆದಿದ್ದು, ಆಮೇಲೆ ಗುರುತು ಉಳಿಯದಂತೆ ಎತ್ತಿಬಿಡಬಹುದಾದ ಪಾಪ್-ಅಪ್ ಅಂಗಡಿಯನ್ನು ಯಾವುದಾದರೂ ಒಂದು ಥೀಮಿನ ಮೇಲೆ ವಿನ್ಯಾಸಗೊಳಿಸಬೇಕು. ಫ್ಲೋರ್ ಪ್ಲಾನ್, ಗೋಡೆಗಳ ಎಲಿವೇಶನ್ (ಎದುರಿನಿಂದ ಕಂಡಂತೆ ಬಿಡಿಸಿದ ನಕ್ಷೆ), ಕಿಟಕಿಯ ಪ್ರದರ್ಶನ, ಬೆಳಕಿನ ಯೋಜನೆ, ಯಾವ ಸರಕು ಎಲ್ಲಿ ಎಷ್ಟು ಎಂದು ತೋರಿಸುವ ಪ್ಲಾನೋಗ್ರಾಮ್, ಜೊತೆಗೆ 1:20 ಪ್ರಮಾಣದ ಮಾದರಿ, ಇಷ್ಟನ್ನೂ ಒಪ್ಪಿಸಬೇಕಿತ್ತು. ನಾನು ಆರಿಸಿಕೊಂಡ ಥೀಮ್ ಬಟ್ಟೆಯ ದುರಸ್ತಿ. ಹರಿದದ್ದನ್ನು, ಸವೆದದ್ದನ್ನು, ಗುಂಡಿ ಕಿತ್ತುಹೋದದ್ದನ್ನು ಮನೆಯಲ್ಲೇ ಸರಿಪಡಿಸಿಕೊಳ್ಳಲು ಬೇಕಾದ ಸೂಜಿ, ದಾರ, ಗುಂಡಿ, ತೇಪೆ ಮುಂತಾದ ಸಣ್ಣ ವಸ್ತುಗಳ ಅಂಗಡಿ ಅದು. ಆ ವಿನ್ಯಾಸ ಹೇಗೆ ರೂಪುಗೊಂಡಿತು, ಯಾವ ತೀರ್ಮಾನಕ್ಕೆ ಯಾವ ಕಾರಣವಿತ್ತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಪ್ರಾಜೆಕ್ಟ್ ಕೈಗೆತ್ತಿಕೊಂಡಿರುವವರಿಗೆ ಇದು ಉಪಯೋಗಕ್ಕೆ ಬಂದರೆ ಸಂತೋಷ.

ಥೀಮ್ ಎಂದೊಡನೆ ನಮ್ಮ ಮನಸ್ಸು ಅಲಂಕಾರದ ಕಡೆಗೆ ಹೊರಳುತ್ತದೆ. ಕಾಡು, ಕಡಲು, ಬಾಹ್ಯಾಕಾಶ, ಸರ್ಕಸ್ಸು ಇವೆಲ್ಲ ಮೂಡ್ ಬೋರ್ಡಿನ (ಚಿತ್ರ, ಬಣ್ಣಗಳ ತುಣುಕುಗಳನ್ನು ಅಂಟಿಸಿದ ಕಲ್ಪನಾ ಫಲಕದ) ಮೇಲೆ ಬಹಳ ಚೆನ್ನಾಗಿ ಕಾಣುತ್ತವೆ. ಬಣ್ಣ ಸಿಗುತ್ತದೆ, ಆಕಾರ ಸಿಗುತ್ತದೆ, ಪ್ರಾಪ್‌ಗಳ (ಅಲಂಕಾರಕ್ಕಾಗಿ ಇಡುವ ವಸ್ತುಗಳ) ಪಟ್ಟಿ ತಾನಾಗಿ ಬೆಳೆಯುತ್ತದೆ. ಆದರೆ ಅದೇ ಕಾಡಿನ ಥೀಮಿನಲ್ಲಿ ಚಪ್ಪಲಿಯನ್ನೂ ಮಾರಬಹುದು, ಸುಗಂಧದ್ರವ್ಯವನ್ನೂ ಮಾರಬಹುದು, ಮಕ್ಕಳ ಪುಸ್ತಕಗಳನ್ನೂ ಮಾರಬಹುದು ಎಂದಾದರೆ ಆ ಥೀಮ್ ಅಂಗಡಿಯ ಬಗ್ಗೆ ಏನನ್ನೂ ನಿರ್ಧರಿಸಿಲ್ಲ ಎಂದೇ ಅರ್ಥ. ಹೀಗಾಗಿ ನಾನು ಆರಂಭದಲ್ಲೇ ಒಂದು ಪರೀಕ್ಷೆಯನ್ನು ಇಟ್ಟುಕೊಂಡೆ. ಅಂಗಡಿಯಿಂದ ಎಲ್ಲ ಪ್ರಾಪ್‌ಗಳನ್ನೂ ಪೋಸ್ಟರುಗಳನ್ನೂ ಗೋಡೆಯ ಬಣ್ಣವನ್ನೂ ತೆಗೆದುಹಾಕಿದೆವೆಂದು ಭಾವಿಸೋಣ. ಉಳಿದ ಸರಕಿನ ಆಯ್ಕೆ, ಅದನ್ನು ಜೋಡಿಸಿದ ಕ್ರಮ, ಬಿದ್ದಿರುವ ಬೆಳಕು, ಗ್ರಾಹಕರ ಕೈ ಅಲ್ಲಿ ಮಾಡುವ ಕೆಲಸ, ಇಷ್ಟರಿಂದಲೇ ಅಂಗಡಿ ಏನನ್ನು ಕುರಿತದ್ದೆಂದು ತಿಳಿಯುತ್ತದೆಯೇ? ತಿಳಿಯುವಂತಿದ್ದರೆ ಮಾತ್ರ ಥೀಮ್ ಇದೆ ಎಂದು ನಾನು ಒಪ್ಪಿಕೊಳ್ಳುತ್ತೇನೆ. ಮುಂದೆ ಬಂದ ಪ್ರತಿಯೊಂದು ಪ್ರಶ್ನೆಯನ್ನೂ, ದಾರವನ್ನು ಯಾವ ದೀಪದ ಕೆಳಗಿಡಬೇಕು ಎಂಬಷ್ಟು ಚಿಕ್ಕದನ್ನೂ, ಈ ಪರೀಕ್ಷೆಯೇ ತೀರ್ಮಾನಿಸಿತು.

ತಾತ್ಕಾಲಿಕ ಅಂಗಡಿಯ ತಾತ್ಕಾಲಿಕತೆಯೇ ಥೀಮಿನ ಭಾಗವಾಗಬಲ್ಲದು ಎಂಬುದಕ್ಕೆ ನಾನು ಮತ್ತೆ ಮತ್ತೆ ನೋಡಿದ ಉದಾಹರಣೆ, ಜಪಾನಿನ ಉಡುಪು ವಿನ್ಯಾಸಕಿ ರೇ ಕವಾಕುಬೊ ಅವರ ಕಾಮ್ ದೆ ಗಾರ್ಸೋಂ ಸಂಸ್ಥೆ 2004ರಲ್ಲಿ ಬರ್ಲಿನ್‌ನಲ್ಲಿ ತೆರೆದ ‘ಗೆರಿಲ್ಲಾ ಸ್ಟೋರ್’. ಹಳೆಯ ಪುಸ್ತಕದಂಗಡಿಯೊಂದರ ಜಾಗ, ಒಂದೇ ವರ್ಷದ ಅವಧಿ, ಒಳಾಂಗಣವನ್ನು ಹೆಚ್ಚಿಗೆ ಮುಟ್ಟಬಾರದೆಂಬ ನಿಯಮ. ದುಬಾರಿ ಉಡುಪುಗಳನ್ನು ಮಾರುವ ಸಂಸ್ಥೆಯೊಂದು ಮಳಿಗೆಯ ಹಳೆಯ ಗೋಡೆಯನ್ನು ಹಾಗೆಯೇ ಉಳಿಸಿಕೊಂಡದ್ದು ಆ ಕಾಲಕ್ಕೆ ದಿಟ್ಟ ನಿರ್ಧಾರವೇ ಸರಿ. ದುರಸ್ತಿಯ ಅಂಗಡಿಗೆ ಇದು ಇನ್ನೂ ಹೆಚ್ಚು ಒಪ್ಪುತ್ತದೆ. ಸವೆದ ನೆಲ, ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಮೊಳೆಗಳ ತೂತು, ಬಣ್ಣ ಕಿತ್ತ ಮೂಲೆ, ಇವನ್ನೆಲ್ಲ ಪ್ಲೈವುಡ್ಡಿನ ಹಿಂದೆ ಮುಚ್ಚಿಟ್ಟು ‘ಹಳೆಯದನ್ನು ಉಳಿಸಿಕೊಳ್ಳಿ’ ಎಂದು ಹೇಳುವ ಅಂಗಡಿಯ ಮಾತನ್ನು ಯಾರೂ ನಂಬಲಾರರು. ಆದ್ದರಿಂದ ನನ್ನ ವಿನ್ಯಾಸದಲ್ಲಿ ಮಳಿಗೆಯ ಗೋಡೆಗೆ ಬಣ್ಣ ಬಳಿಯುವುದಿಲ್ಲ, ಒಂದು ಸ್ಕ್ರೂ ಕೂಡ ಹೊಡೆಯುವುದಿಲ್ಲ. ಎಲ್ಲ ಚೌಕಟ್ಟುಗಳೂ ನೆಲದ ಮೇಲೆ ಸ್ವತಂತ್ರವಾಗಿ ನಿಲ್ಲುತ್ತವೆ.

ಸರಕಿನ ವಿಷಯಕ್ಕೆ ಬಂದರೆ, ಹೊಲಿಗೆ ಸಾಮಾನುಗಳ ಅಂಗಡಿಗಳಲ್ಲಿ ವಸ್ತುವಿಗೆ ಅನುಗುಣವಾಗಿ ವಿಂಗಡಿಸುವುದು ರೂಢಿ: ಸೂಜಿಗಳೆಲ್ಲ ಒಂದೆಡೆ, ಜಿಪ್ಪುಗಳೆಲ್ಲ ಒಂದೆಡೆ, ಎಲಾಸ್ಟಿಕ್ ಇನ್ನೊಂದೆಡೆ. ಬೇಕಾದದ್ದು ಏನೆಂದು ಮೊದಲೇ ಗೊತ್ತಿರುವ ದರ್ಜಿಗಳಿಗೆ ಇದು ಸರಿ. ಆದರೆ ಪಾಪ್-ಅಪ್ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಸೂಜಿ ಹಿಡಿದು ಬಹಳ ಕಾಲವಾಗಿರುವವರು, ಅಥವಾ ಎಂದೂ ಹಿಡಿಯದವರು. ಅವರ ಬಳಿ ವಸ್ತುವಿನ ಹೆಸರಿರುವುದಿಲ್ಲ, ಕೈಯಲ್ಲಿ ಹಾಳಾದ ಬಟ್ಟೆ ಇರುತ್ತದೆ. ಹೀಗಾಗಿ ಎಡಗೋಡೆಯ ಉದ್ದಕ್ಕೂ ಸರಕನ್ನು ಬಟ್ಟೆಗೆ ಒದಗಿದ ತೊಂದರೆಯ ಪ್ರಕಾರ ಜೋಡಿಸಲು ನಿರ್ಧರಿಸಿದೆ. ಕಿತ್ತುಹೋದದ್ದು, ಹೊಲಿಗೆ ಬಿಟ್ಟದ್ದು, ತೂತು ಬಿದ್ದದ್ದು, ಸವೆದದ್ದು, ಅಳತೆ ತಪ್ಪಿದ್ದು ಎಂಬ ಐದು ಫಲಕಗಳು. ‘ಕಿತ್ತುಹೋದದ್ದು’ ಎಂಬಲ್ಲಿ ಗುಂಡಿ, ಹುಕ್ಕು, ಪ್ರೆಸ್ ಬಟನ್, ಗಟ್ಟಿ ದಾರ, ಕಾಜ ಬಿಚ್ಚದಂತೆ ಬಲಪಡಿಸುವ ಪಟ್ಟಿ. ‘ಸವೆದದ್ದು’ ಎಂಬಲ್ಲಿ ಮೊಣಕೈ ಮೊಣಕಾಲಿನ ತೇಪೆಗಳು, ಇಸ್ತ್ರಿಯ ಬಿಸಿಗೆ ಅಂಟುವ ಬಟ್ಟೆ, ರಫು ಮಾಡುವ ಉದ್ದ ಸೂಜಿ. ‘ಅಳತೆ ತಪ್ಪಿದ್ದು’ ಎಂಬಲ್ಲಿ ಅಳತೆ ಟೇಪು, ಸೀಮೆಸುಣ್ಣ, ಹೊಲಿಗೆ ಬಿಚ್ಚುವ ಕೊಕ್ಕೆ. ಒಂದೇ ಸೂಜಿ ಮೂರು ಕಡೆ ಕಾಣಿಸಿಕೊಳ್ಳುತ್ತದೆ. ದಾಸ್ತಾನಿನ ದೃಷ್ಟಿಯಿಂದ ಇದು ತಲೆನೋವು ಎಂಬುದು ನಿಜ, ಆದರೂ ಆ ಪುನರಾವರ್ತನೆಯನ್ನು ನಾನು ಉದ್ದೇಶಪೂರ್ವಕವಾಗಿ ಉಳಿಸಿಕೊಂಡೆ, ಏಕೆಂದರೆ ಥೀಮ್ ನಿಜವಾಗಿ ವಾಸವಾಗಿರುವುದು ಈ ವಿಂಗಡಣೆಯಲ್ಲಿ. ಪ್ರತಿ ಫಲಕದ ಮೇಲ್ಭಾಗದಲ್ಲಿ, ನಿಂತವರ ಕಣ್ಣಿಗೆ ನೇರವಾಗಿ, ಅಂದರೆ ನೆಲದಿಂದ ಸುಮಾರು 150 ಸೆಂಟಿಮೀಟರ್ ಎತ್ತರದಲ್ಲಿ, ಅರ್ಧ ಹಾಳಾಗಿ ಅರ್ಧ ಸರಿಯಾದ ನಿಜವಾದ ಬಟ್ಟೆಯ ತುಂಡೊಂದು ಇರುತ್ತದೆ. ತೂತಿನ ಒಂದು ಬದಿಯಲ್ಲಿ ಎಳೆಗಳು ಬಿಚ್ಚಿಕೊಂಡು ಅಂಚು ನೂಲುನೂಲಾಗಿ ನಿಂತಿದ್ದರೆ, ಇನ್ನೊಂದು ಬದಿಯಲ್ಲಿ ಉದ್ದ ಎಳೆಗಳ ಮಧ್ಯೆ ಅಡ್ಡ ಎಳೆಗಳು ಒಂದರ ಮೇಲೆ, ಇನ್ನೊಂದರ ಕೆಳಗೆ ಹಾದು ಹೊಸ ನೇಯ್ಗೆಯಾಗಿ ಕೂಡಿಕೊಂಡಿರುತ್ತವೆ. ಸೂಜಿಯನ್ನು ಅಲ್ಲೇ ನಡುವೆ ಚುಚ್ಚಿ ಬಿಟ್ಟಿರುತ್ತದೆ. ಅಕ್ಷರದಲ್ಲಿ ವಿವರಿಸಿದರೆ ಒಂದು ಪುಟ ಬೇಕಾಗುವ ವಿಷಯ ಆ ಒಂದು ಗೇಣು ಬಟ್ಟೆಯಲ್ಲಿ ತಿಳಿಯುತ್ತದೆ.

ಬಟ್ಟೆ ಹಿಡಿದು ಬರುವ ಗ್ರಾಹಕರು ಎಂಬ ಚಿತ್ರ ಸ್ಪಷ್ಟವಾದ ಮೇಲೆ ಪ್ರವೇಶದ ವಿನ್ಯಾಸವೂ ತಾನಾಗಿ ಮೂಡಿತು. ಅಂಗಡಿಗಳಲ್ಲಿ ಜನರ ನಡವಳಿಕೆಯನ್ನು ದೀರ್ಘಕಾಲ ಗಮನಿಸಿ ದಾಖಲಿಸಿದ ಪಾಕೋ ಅಂಡರ್‌ಹಿಲ್ ಅವರು, ಬಾಗಿಲು ದಾಟಿದ ಮೊದಲ ಕೆಲವು ಹೆಜ್ಜೆಗಳಲ್ಲಿ ಗ್ರಾಹಕರು ಹೊರಗಿನ ವೇಗವನ್ನು ಇಳಿಸಿಕೊಳ್ಳುತ್ತಿರುತ್ತಾರೆ, ಅಲ್ಲಿ ಇಟ್ಟ ಸರಕೂ ಫಲಕವೂ ಅವರ ಗಮನಕ್ಕೆ ಬೀಳುವುದು ಕಡಿಮೆ ಎಂದು ತೋರಿಸಿಕೊಟ್ಟಿದ್ದಾರೆ. 24 ಚದರ ಮೀಟರಿನ ಮಳಿಗೆಯಲ್ಲಿ ಅಷ್ಟು ಜಾಗವನ್ನು ಖಾಲಿ ಬಿಡುವುದು ಕಷ್ಟವೆನಿಸಿದರೂ, ಬಾಗಿಲಿನಿಂದ ಒಂದೂವರೆ ಮೀಟರ್ ಒಳಗಿನವರೆಗೆ ಮಾರಾಟದ ವಸ್ತುವನ್ನು ಇಡಲಿಲ್ಲ. ಅಲ್ಲಿರುವುದು ಒಂದು ಸಾಲು ಕೊಕ್ಕೆಗಳು ಮತ್ತು ಒಂದು ಅಗಲವಾದ ದಂಡೆ ಮಾತ್ರ. ಗ್ರಾಹಕರು ಚೀಲವನ್ನು ಇಳಿಸಿ, ತಂದ ಬಟ್ಟೆಯನ್ನು ತೂಗುಹಾಕಿ, ಕೈ ಖಾಲಿ ಮಾಡಿಕೊಳ್ಳಬೇಕು; ಎರಡೂ ಕೈ ಖಾಲಿಯಿದ್ದವರು ಮಾತ್ರ ಗುಂಡಿಗಳ ಡಬ್ಬಿಯೊಳಗೆ ಬೆರಳಾಡಿಸುತ್ತಾರೆ. ಅಂಡರ್‌ಹಿಲ್ ಅವರ ಇನ್ನೊಂದು ಅವಲೋಕನವೂ ಇಲ್ಲಿ ನೆರವಿಗೆ ಬಂತು. ಇಕ್ಕಟ್ಟಾದ ಓಣಿಯಲ್ಲಿ ನಿಂತು ವಸ್ತುವನ್ನು ಪರಿಶೀಲಿಸುತ್ತಿರುವವರಿಗೆ ಹಿಂದಿನಿಂದ ಬೇರೆಯವರ ಮೈ ತಾಗಿದರೆ ಅವರು ಕೊಳ್ಳುವ ವಿಚಾರವನ್ನೇ ಬಿಟ್ಟು ಸರಿದುಹೋಗುತ್ತಾರೆ ಎಂಬುದು ಅದು. ಸೂಜಿಯ ಕಣ್ಣನ್ನು ಬೆಳಕಿಗೆ ಹಿಡಿದು ನೋಡುವಷ್ಟು ಏಕಾಗ್ರತೆ ಬೇಡುವ ಸರಕಿನ ಅಂಗಡಿಗೆ ಇದು ಇನ್ನಷ್ಟು ನಿಜವಿರಬೇಕು. ನಡುವಿನ ಮೇಜಿನ ಇಕ್ಕೆಲಗಳಲ್ಲೂ 130 ಸೆಂಟಿಮೀಟರ್ ಓಣಿ ಬಿಟ್ಟೆ. ಗಾಲಿಕುರ್ಚಿ ಪೂರ್ತಿ ತಿರುಗಲು 150 ಸೆಂಟಿಮೀಟರ್ ವ್ಯಾಸದ ಜಾಗ ಬೇಕಾಗುತ್ತದೆ, ಅದನ್ನು ಬಾಗಿಲ ಬಳಿಯ ಖಾಲಿ ಭಾಗದಲ್ಲೂ ಹಿಂಭಾಗದ ಬಿಲ್ಲಿಂಗ್ ಕೌಂಟರಿನ ಮುಂದೆಯೂ ಕಾಯ್ದಿರಿಸಿದೆ.

ಕಿಟಕಿಯ ಪ್ರಶ್ನೆ ಬೇರೆಯದೇ ಆಗಿತ್ತು. ಅಂಗಡಿಯ ಸರಕೆಲ್ಲ ಬೆರಳ ತುದಿಯಷ್ಟು ಚಿಕ್ಕದು. ಬೀದಿಯಲ್ಲಿ ಹೋಗುವವರಿಗೆ ಗುಂಡಿಯೊಂದು ಕಾಣಬೇಕಾದರೆ ಏನು ಮಾಡಬೇಕು? ಇಂಥ ಸಂದರ್ಭದಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಆಳೆತ್ತರದ ಸೂಜಿ. ಅದನ್ನು ನಾನು ಬೇಡವೆಂದೆ. ದೈತ್ಯ ಸೂಜಿ ದೂರದಿಂದ ಕಾಣುತ್ತದೆ, ನೋಡಿದ ಕ್ಷಣವೇ ಅರ್ಥವಾಗುತ್ತದೆ, ಅರ್ಥವಾದ ಮೇಲೆ ಹತ್ತಿರ ಹೋಗಲು ಕಾರಣವೇ ಉಳಿಯುವುದಿಲ್ಲ. ಇದಕ್ಕೆ ಎದುರಾದ ದಾರಿಯನ್ನು ಜೀನ್ ಮೂರ್ ಅವರ ಕೆಲಸದಲ್ಲಿ ಕಂಡೆ. ಅವರು 1955ರಿಂದ 1994ರವರೆಗೆ ನ್ಯೂಯಾರ್ಕಿನ ಟಿಫನಿ ಆಭರಣದಂಗಡಿಯ ಕಿಟಕಿಗಳನ್ನು ರೂಪಿಸಿದವರು. ಆ ಕಿಟಕಿಗಳೂ ಚಿಕ್ಕವು, ಅಲ್ಲಿಡಬೇಕಾದ ಒಡವೆಗಳೂ ಚಿಕ್ಕವು. ವಸ್ತುವನ್ನು ಹಿಗ್ಗಿಸುವ ಬದಲು ಅವರು ದಾರ, ಮೊಟ್ಟೆ, ಮಣ್ಣು ಮುಂತಾದ ದಿನಬಳಕೆಯ ಪದಾರ್ಥಗಳನ್ನು ವಜ್ರದ ಪಕ್ಕದಲ್ಲಿಟ್ಟು, ಇಲ್ಲಿ ಏನು ನಡೆಯುತ್ತಿದೆ ಎಂದು ನೋಡುವವರೇ ಬಗ್ಗಿ ಗಾಜಿಗೆ ಮುಖ ತರುವಂತೆ ಮಾಡಿದರು. ದೂರದಿಂದ ಒಂದು ಪ್ರಶ್ನೆ, ಹತ್ತಿರದಲ್ಲಿ ಅದರ ಉತ್ತರ ಎಂಬ ಎರಡು ಹಂತದ ಓದು ಅದು.

ನನ್ನ ಕಿಟಕಿಯಲ್ಲಿ ದೂರದ ಹಂತಕ್ಕೆ ಇರುವುದು ಒಂದೇ ಒಂದು ಬೂದುಬಣ್ಣದ ಉಣ್ಣೆಯ ಕೋಟು. ಮ್ಯಾನಿಕ್ವಿನ್ (ಬಟ್ಟೆ ತೊಡಿಸುವ ಗೊಂಬೆ) ಇಲ್ಲ, ಕೋಟನ್ನು ತೆಳು ತಂತಿಯಲ್ಲಿ ತೂಗುಹಾಕಿ, ಒಂದು ತೋಳನ್ನು ಯಾರೋ ಮಡಚಿ ಹಿಡಿದಂತೆ ಮೇಲೆತ್ತಿದೆ. ಮೊಣಕೈ ಬಳಿ ಹರಕಿದೆ, ಆ ಹರಕಿನಿಂದ ಕಡುಗೆಂಪು ಎಳೆಯೊಂದು ಹೊರಟು ಮೇಲಕ್ಕೇರಿ, ಕಿಟಕಿಯ ಅರ್ಧ ಎತ್ತರದ ಹಿಂಬದಿ ಫಲಕವನ್ನು ದಾಟಿ, ಅಂಗಡಿಯೊಳಗೆ ಬಲಗೋಡೆಯತ್ತ ಹೋಗುತ್ತದೆ. ನಿಜವಾದ ದಾರ ಬೀದಿಯಿಂದ ಕಣ್ಣಿಗೆ ನಿಲ್ಲುವುದಿಲ್ಲವಾದ್ದರಿಂದ ಇದು 8 ಮಿಲಿಮೀಟರ್ ದಪ್ಪದ ಹತ್ತಿಯ ಹಗ್ಗ. ಒಳಗೆ ಅದು ಜನರ ತಲೆಗೆ ತಾಗದಂತೆ 220 ಸೆಂಟಿಮೀಟರ್ ಎತ್ತರದಲ್ಲಿ ಸಾಗುತ್ತದೆ. ಹತ್ತಿರ ಬಂದವರಿಗೆ ಮಾತ್ರ ಕಾಣುವ ಇನ್ನೊಂದು ಹಂತವಿದೆ: ಕೋಟಿನ ಮೈಮೇಲೆಲ್ಲ ಈಗಾಗಲೇ ಆಗಿರುವ ಸಣ್ಣಸಣ್ಣ ದುರಸ್ತಿಗಳು. ಜೇಬಿನ ಅಂಚಿನಲ್ಲಿ ಹೊಸ ಹೊಲಿಗೆ, ಕಾಲರಿನ ಮೇಲೆ ಬೇರೆ ಬಣ್ಣದ ರಫು, ಒಂದಕ್ಕೊಂದು ಹೋಲದ ಗುಂಡಿಗಳು, ಪ್ರತಿಯೊಂದರ ಪಕ್ಕದಲ್ಲೂ ಕಿರುಬೆರಳಿನಷ್ಟು ಚೀಟಿಯಲ್ಲಿ ಬಳಸಿದ ವಸ್ತುವಿನ ಹೆಸರು. ಅಂಗಡಿಯಲ್ಲಿ ಸಿಗುವ ಸರಕೆಲ್ಲ ಆ ಕೋಟಿನ ಮೇಲೇ ಇದೆ.

ಗಾಜಿನ ವಿಷಯವನ್ನು ವಿದ್ಯಾರ್ಥಿಗಳಾದ ನಾವು ನಕ್ಷೆಯಲ್ಲಿ ಒಂದು ಗೆರೆಯೆಂದು ಎಳೆದು ಮುಗಿಸಿಬಿಡುತ್ತೇವೆ, ಆದರೆ ಹಗಲಿನಲ್ಲಿ ಕಿಟಕಿಯನ್ನು ಕೆಡಿಸುವುದು ಅದೇ ಗಾಜು. ಒಂದು ಪದರದ ಸಾಮಾನ್ಯ ಗಾಜು ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು 8 ಶೇಕಡಾವನ್ನು ಹಿಂದಕ್ಕೆ ಕಳಿಸುತ್ತದೆ. ಮೋಡ ಕವಿದ ಹಗಲಿನಲ್ಲೂ ಹೊರಗೆ ಸಾವಿರಾರು ಲಕ್ಸ್ (ಬೆಳಕಿನ ಪ್ರಮಾಣವನ್ನು ಅಳೆಯುವ ಮಾನ) ಬೆಳಕಿರುವಾಗ, ಒಳಗೆ ಕೆಲವು ನೂರು ಲಕ್ಸ್ ಮಾತ್ರ ಇದ್ದರೆ ನೋಡುವವರಿಗೆ ಕೋಟಿನ ಬದಲು ಬೀದಿಯ ಪ್ರತಿಬಿಂಬ ಕಾಣುತ್ತದೆ. ಹಿನ್ನೆಲೆ ಕಪ್ಪಾಗಿದ್ದಷ್ಟೂ ಆ ಪ್ರತಿಬಿಂಬ ಎದ್ದುಕಾಣುತ್ತದೆ. ಹೀಗಾಗಿ ನಾಟಕೀಯವಾಗಿರುತ್ತದೆಂದು ಎಲ್ಲರೂ ಬಯಸುವ ಕಡುಗಪ್ಪು ಹಿನ್ನೆಲೆಯನ್ನು ಬಿಟ್ಟು, ಬಿಳುಪು ಮಾಡದ ಹತ್ತಿ ಬಟ್ಟೆಯ ತಿಳಿ ಬಣ್ಣವನ್ನು ಆರಿಸಿದೆ. ಕೋಟಿನ ಮೇಲೆ ದೀಪವನ್ನು ಮುಂದಿನಿಂದ ಹಾಕಿದರೆ ಹೊಲಿಗೆಯೆಲ್ಲ ಚಪ್ಪಟೆಯಾಗುತ್ತದೆ. ಬಟ್ಟೆಯ ಮೇಲ್ಮೈಗೆ ಬಹುತೇಕ ಸಮಾನಾಂತರವಾಗಿ ಪಕ್ಕದಿಂದ ಬೆಳಕು ಬಿದ್ದಾಗ ಮಾತ್ರ ರಫುವಿನ ಪ್ರತಿ ಎಳೆಗೂ ತನ್ನದೇ ನೆರಳು ಹುಟ್ಟುತ್ತದೆ. ದೀಪದ ದೂರವೂ ಲೆಕ್ಕಕ್ಕೆ ಬರುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುವುದರಿಂದ, ಮೇಲ್ಛಾವಣಿಯ ಟ್ರ್ಯಾಕಿನಲ್ಲಿರುವ ದೊಡ್ಡ ದೀಪಕ್ಕಿಂತ ಕಿಟಕಿಯ ಪಕ್ಕದ ಕಂಬದಲ್ಲಿ ಅಡಗಿಸಿದ ಚಿಕ್ಕ ಸ್ಪಾಟ್‌ಲೈಟ್ ಹೆಚ್ಚು ಕೆಲಸ ಮಾಡುತ್ತದೆ. ಅಂಗಡಿ ಮುಚ್ಚಿದ ಮೇಲೂ ಈ ದೀಪಗಳು ಉರಿಯುತ್ತಿರುತ್ತವೆ. ಹ್ಯಾರಿ ಗಾರ್ಡನ್ ಸೆಲ್ಫ್‌ರಿಜ್ ಅವರು 1909ರಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ತಮ್ಮ ಅಂಗಡಿಯನ್ನು ತೆರೆದಾಗ ಕಿಟಕಿಗಳನ್ನು ರಾತ್ರಿಯಲ್ಲೂ ಬೆಳಗಿಸಿಟ್ಟು, ವ್ಯಾಪಾರದ ಹೊತ್ತು ಮುಗಿದರೂ ನೋಡುವ ಹೊತ್ತು ಮುಗಿಯದಂತೆ ಮಾಡಿದ್ದರು. ಕೆಲವೇ ವಾರಗಳ ಆಯಸ್ಸಿನ ಅಂಗಡಿಗೆ ಆ ರಾತ್ರಿಯ ಹೊತ್ತು ಇನ್ನೂ ಬೆಲೆಯುಳ್ಳದ್ದು.

ಕಿಟಕಿ ಸುಂದರವಾದಷ್ಟೂ ಅದು ಸರಕನ್ನು ಮರೆಸುವ ಅಪಾಯವೂ ಇದೆ. 1939ರಲ್ಲಿ ನ್ಯೂಯಾರ್ಕಿನ ಬಾನ್‌ವಿಟ್ ಟೆಲ್ಲರ್ ಅಂಗಡಿಗೆ ಸಾಲ್ವಡಾರ್ ಡಾಲಿ ಅವರು ರೂಪಿಸಿದ್ದ ಕಿಟಕಿಯನ್ನು ಅಂಗಡಿಯವರು ತಮಗೆ ಬೇಕಾದಂತೆ ಬದಲಿಸಿದರು. ಸಿಟ್ಟಾದ ಡಾಲಿ ಒಳಗೆ ನುಗ್ಗಿ ತಳ್ಳಾಡಿದ ಸ್ನಾನದ ತೊಟ್ಟಿ ಗಾಜನ್ನೇ ಒಡೆದುಕೊಂಡು ಹೊರಗೆ ಬಿತ್ತು. ಆ ತೊಟ್ಟಿಯ ಕಥೆ ಇಂದಿಗೂ ಉಳಿದಿದೆ, ಅಂಗಡಿಯಲ್ಲಿ ಆ ವಾರ ಏನು ಮಾರಾಟಕ್ಕಿತ್ತೆಂದು ಯಾರೂ ಕೇಳುವುದಿಲ್ಲ. ಕಲಾವಿದರಾಗಿ ಡಾಲಿ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ವಿಷುಯಲ್ ಮರ್ಚಂಡೈಸಿಂಗ್ ಕಲಿಯುವವಳಾಗಿ, ಕಿಟಕಿಯ ಕೆಂಪು ಎಳೆ ನೋಡುವವರನ್ನು ದಾರದ ರೀಲಿನವರೆಗೆ ಮುಟ್ಟಿಸದಿದ್ದರೆ ಅದನ್ನು ಕತ್ತರಿಸಿಬಿಡಬೇಕೆಂಬುದೇ ನನ್ನ ನಿಲುವು.

ಆ ಎಳೆ ಮುಟ್ಟುವುದು ಬಲಗೋಡೆಯ ದಾರದ ಫಲಕವನ್ನು. ಈ ಪ್ರಾಜೆಕ್ಟಿನಲ್ಲಿ ನಾನು ಅತಿ ಹೆಚ್ಚು ಯೋಚಿಸಿದ್ದೂ ಅತಿ ಹೆಚ್ಚು ಪ್ರೀತಿಸಿದ್ದೂ ಅದನ್ನೇ. ಅಗಲ 240 ಸೆಂಟಿಮೀಟರ್. 6 ಸೆಂಟಿಮೀಟರಿಗೊಂದರಂತೆ 40 ಕಂಬಸಾಲು, ನೆಲದಿಂದ 50ರಿಂದ 122 ಸೆಂಟಿಮೀಟರ್ ಎತ್ತರದವರೆಗೆ 10 ಅಡ್ಡಸಾಲು, ಒಟ್ಟು 400 ಗೂಟಗಳು, ಪ್ರತಿ ಗೂಟದಲ್ಲೂ ಒಂದು ಬಣ್ಣದ ರೀಲುಗಳು. ಮೇಲಿನ ಮಿತಿ 122 ಎಂದಿಟ್ಟದ್ದಕ್ಕೆ ಕಾರಣವಿದೆ: ಗಾಲಿಕುರ್ಚಿಯಲ್ಲಿ ಕುಳಿತವರ ಕೈ ಆರಾಮವಾಗಿ ಮುಟ್ಟುವ ಎತ್ತರ ಸುಮಾರು ಅಷ್ಟೇ. ಅದರ ಮೇಲೆ 220 ಸೆಂಟಿಮೀಟರಿನವರೆಗೆ ಮಾರಾಟಕ್ಕಲ್ಲದ ದೊಡ್ಡ ಲಡಿಗಳು ತೂಗುತ್ತವೆ, ಬೀದಿಯಿಂದಲೂ ಬಣ್ಣದ ಗೋಡೆ ಕಾಣಲಿ ಎಂದು.

ಬಣ್ಣಗಳನ್ನು ಅಡ್ಡಸಾಲಿನಲ್ಲಿ ಜೋಡಿಸಬೇಕೋ ಕಂಬಸಾಲಿನಲ್ಲೋ ಎಂಬ ಪ್ರಶ್ನೆಗೆ ನಮ್ಮ ವಿದ್ಯೆಯಲ್ಲಿ ಸ್ಪಷ್ಟ ಉತ್ತರವಿದೆ. ಅಡ್ಡಸಾಲಾದರೆ ಕೆಳಗಿನ ಸಾಲಿನ ಬಣ್ಣ ಯಾರ ಕಣ್ಣಿಗೂ ಬೀಳುವುದಿಲ್ಲ; ಕಂಬಸಾಲಾದರೆ ಪ್ರತಿ ಬಣ್ಣವೂ ಎಲ್ಲ ಎತ್ತರಗಳಲ್ಲೂ ಇರುತ್ತದೆ, ಫಲಕದ ಉದ್ದಕ್ಕೂ ನಡೆಯುವವರ ಕಣ್ಣು ಒಂದೊಂದೇ ಬಣ್ಣವನ್ನು ದಾಟುತ್ತ ಹೋಗುತ್ತದೆ. ಆದ್ದರಿಂದ ಪ್ರತಿ ಕಂಬಸಾಲೂ ಒಂದು ವರ್ಣ, ಮೇಲೆ ತಿಳಿ, ಕೆಳಗೆ ಗಾಢ. ಇಷ್ಟಾದ ಮೇಲೂ ಕಾಮನಬಿಲ್ಲಿನ ಕ್ರಮವೊಂದೇ ಸಾಲುವುದಿಲ್ಲ ಎಂಬುದು ಥೀಮಿನಿಂದಲೇ ಗೊತ್ತಾಯಿತು. ಕಸೂತಿಯ ಅಂಗಡಿಯಾಗಿದ್ದರೆ ನೀಲಿ, ಹಸಿರು, ಗುಲಾಬಿಗಳು ಮುಂದಿರಬೇಕಿತ್ತು. ದುರಸ್ತಿಗೆ ಬರುವ ಬಟ್ಟೆಗಳಿಗೆ ಹೆಚ್ಚಾಗಿ ಬೇಕಾಗುವುದು ಕಪ್ಪು, ಬಿಳಿ, ಬೂದು, ಕಂದು, ಕಡುನೀಲಿ. ವರ್ಣಚಕ್ರದಲ್ಲಿ ಇವುಗಳಲ್ಲಿ ಕೆಲವಕ್ಕೆ ಜಾಗವೇ ಇಲ್ಲ. ಹೀಗಾಗಿ 40 ಕಂಬಸಾಲುಗಳಲ್ಲಿ 16ನ್ನು ಇವುಗಳ ಛಾಯೆಗಳಿಗೇ ಕೊಟ್ಟು, ಬಣ್ಣ ಹೊಂದಿಸಿ ನೋಡುವ ಕಟ್ಟೆಯ ಪಕ್ಕಕ್ಕೇ ಇರಿಸಿದೆ. ಫೋಟೋದಲ್ಲಿ ಫಲಕ ಸ್ವಲ್ಪ ಮಂಕಾಗಿ ಕಾಣುತ್ತದೆ ಎಂದು ಸಹಪಾಠಿಗಳು ಹೇಳಿದರು. ಕಾಣಲಿ, ಅಲ್ಲಿ ನಿಂತು ಹಳೆಯ ಪ್ಯಾಂಟಿಗೆ ಹೊಂದುವ ಕಂದನ್ನು ಹುಡುಕುವವರಿಗೆ ಹದಿನೈದು ಬಗೆಯ ಕಂದು ಕಾಣುವುದು ನನಗೆ ಮುಖ್ಯ.

ಹಿನ್ನೆಲೆಯ ಬಣ್ಣವನ್ನು ನಿರ್ಧರಿಸುವಾಗ ಮಿಷೆಲ್ ಷೆವ್ರೂಲ್ ಅವರ ನೆನಪಾಗದೆ ಇರದು. ಈ ರಸಾಯನಶಾಸ್ತ್ರಜ್ಞರು 1824ರಲ್ಲಿ ಪ್ಯಾರಿಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥರಾದಾಗ, ಕಪ್ಪು ನೂಲಿನಲ್ಲಿ ಕಸುವಿಲ್ಲ ಎಂಬ ದೂರುಗಳಿದ್ದವು. ಪರೀಕ್ಷಿಸಿ ನೋಡಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ನೀಲಿ, ನೇರಳೆ ಎಳೆಗಳ ಪಕ್ಕದಲ್ಲಿ ನೇಯ್ದದ್ದರಿಂದ ಆ ಕಪ್ಪು ಕಳೆಗುಂದಿದಂತೆ ಕಾಣುತ್ತಿತ್ತು. ಪಕ್ಕದ ಬಣ್ಣ ಪಕ್ಕದ ಬಣ್ಣವನ್ನು ಬದಲಿಸುತ್ತದೆಂಬ ಈ ನಿಯಮವನ್ನು ಅವರು 1839ರಲ್ಲಿ ವಿಸ್ತಾರವಾಗಿ ಪ್ರಕಟಿಸಿದರು. ದಾರದ ಅಂಗಡಿಗೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿಲ್ಲ. ಮರದ ಹಲಗೆಯ ಬೆಚ್ಚನೆಯ ಕಂದು ಹಿನ್ನೆಲೆ ನೋಡಲು ಎಷ್ಟೇ ಹಿತವಾಗಿದ್ದರೂ ಅದರ ಮುಂದಿಟ್ಟ ಬೂದು ದಾರ ನೀಲಿಯ ಕಡೆಗೆ ವಾಲಿದಂತೆ ಕಾಣುತ್ತದೆ, ಕೊಂಡವರು ಮನೆಗೆ ಹೋಗಿ ಬೇಸರಪಡುತ್ತಾರೆ. ಆದ್ದರಿಂದ ಫಲಕಕ್ಕೆ ಯಾವ ವರ್ಣದ ಛಾಯೆಯೂ ಇಲ್ಲದ ನಡುಮಟ್ಟದ ಬೂದು ಬಣ್ಣವನ್ನೇ ಗೊತ್ತುಮಾಡಿದೆ.

ಬೆಳಕಿನ ಗುಣಮಟ್ಟವೂ ಇದೇ ಮಾತಿನ ಮುಂದುವರಿಕೆ. ದೀಪದ ಪೊಟ್ಟಣದ ಮೇಲೆ ಸಿಆರ್‌ಐ 90 (ದೀಪವು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಂಕ) ಎಂದಿದ್ದರೆ ಸಾಕೆಂದು ನಾವು ಸಾಮಾನ್ಯವಾಗಿ ಬರೆದುಬಿಡುತ್ತೇವೆ. ಆ ಸಂಖ್ಯೆ ಎಂಟು ಮೆದು ಬಣ್ಣದ ಮಾದರಿಗಳ ಸರಾಸರಿ. ಗಾಢ ಕೆಂಪನ್ನು ಅಳೆಯುವ ಆರ್9 ಎಂಬ ಮೌಲ್ಯ ಆ ಸರಾಸರಿಯೊಳಗೆ ಸೇರಿಲ್ಲ. ಸರಾಸರಿ ಚೆನ್ನಾಗಿದ್ದೂ ಆರ್9 ಕಡಿಮೆಯಿರುವ ಎಲ್‌ಇಡಿಯ ಕೆಳಗೆ ಕೆಂಪು ಮತ್ತು ಕಂದು ದಾರಗಳು ಸತ್ತಂತಾಗುತ್ತವೆ, ಹಾಗಾಗಿ ನನ್ನ ಬೆಳಕಿನ ಪಟ್ಟಿಯಲ್ಲಿ ಎರಡೂ ಮೌಲ್ಯಗಳನ್ನು ಬೇರೆಬೇರೆಯಾಗಿ ನಮೂದಿಸಿದೆ. ಇದಕ್ಕಿಂತ ಮುಖ್ಯವಾದದ್ದು ಮೆಟಾಮೆರಿಸಂ. ಒಂದು ದೀಪದ ಕೆಳಗೆ ಪೂರ್ತಿ ಹೊಂದುವ ದಾರ ಮತ್ತು ಬಟ್ಟೆ ಇನ್ನೊಂದು ದೀಪದ ಕೆಳಗೆ ಬೇರೆಯಾಗಿಬಿಡುತ್ತವೆ, ಏಕೆಂದರೆ ಎರಡರ ಬಣ್ಣದ್ರವ್ಯಗಳೂ ಬೇರೆ. ಹೊಸ ಬಟ್ಟೆ ಮಾರುವ ಅಂಗಡಿಗೆ ಇದು ಸಣ್ಣ ತೊಂದರೆ, ದುರಸ್ತಿಯ ಅಂಗಡಿಗೆ ಇದೇ ಕೇಂದ್ರ. ಅದಕ್ಕಾಗಿ ದಾರದ ಫಲಕದ ಕೊನೆಯಲ್ಲಿ ಒಂದು ಚಿಕ್ಕ ಕಟ್ಟೆ, ಅದರ ಮೇಲೆ ಎರಡು ಗೂಡುಗಳು: ಒಂದರಲ್ಲಿ ಹಗಲಿನ ಬೆಳಕಿಗೆ ಹತ್ತಿರವಾದ 6500 ಕೆಲ್ವಿನ್ ದೀಪ, ಇನ್ನೊಂದರಲ್ಲಿ ಮನೆಯ ಸಂಜೆಗೆ ಹತ್ತಿರವಾದ 2700 ಕೆಲ್ವಿನ್ ದೀಪ. ಗ್ರಾಹಕರು ತಮ್ಮ ಬಟ್ಟೆಯನ್ನೂ ಆರಿಸಿದ ದಾರವನ್ನೂ ಎರಡರಲ್ಲೂ ಇಟ್ಟು ನೋಡಬಹುದು. ಆ ಕಟ್ಟೆಗೆ ಯಾವ ಅಲಂಕಾರವೂ ಇಲ್ಲ, ಆದರೆ ಇಡೀ ಅಂಗಡಿಯಲ್ಲಿ ಥೀಮನ್ನು ಅತ್ಯಂತ ಗಟ್ಟಿಯಾಗಿ ಹೇಳುವ ಜಾಗ ಅದೇ ಎಂದು ನನಗನಿಸುತ್ತದೆ.

ನಡುವಿನ ಮೇಜು 180 ಸೆಂಟಿಮೀಟರ್ ಉದ್ದ, 75 ಎತ್ತರ, ಕೆಳಗೆ ಮೊಣಕಾಲಿಗೆ ಜಾಗ. ನಾಲ್ವರು ಕುಳಿತು ಒಂದು ಗುಂಡಿಯನ್ನು ಹೊಲಿದು ನೋಡಬಹುದು. ಭೂತಗನ್ನಡಿಯುಳ್ಳ ಎರಡು ದೀಪಗಳಿವೆ, ತುಂಡು ಬಟ್ಟೆಗಳಿವೆ. ಬಿಲ್ಲಿಂಗ್ ಕೌಂಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಹಿಂಭಾಗದಲ್ಲಿದೆ, ಅಲ್ಲಿ ನಿಂತವರಿಗೆ ಬಾಗಿಲು ಕಾಣುತ್ತದೆ, ಅಷ್ಟು ಸಾಕು. ಸೂಜಿಗಳನ್ನು ಮುಚ್ಚಿದ ಪಾರದರ್ಶಕ ಕೊಳವೆಗಳಲ್ಲಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಇಡಬೇಕು. ತೂಗುಬಿಟ್ಟ ಬಟ್ಟೆಯೆಲ್ಲ ಬೆಂಕಿ ನಿರೋಧಕ ಸಂಸ್ಕರಣೆ ಪಡೆದಿರಬೇಕು. ಹೊರಹೋಗುವ ದಾರಿಯಲ್ಲಿ ಯಾವ ಪ್ರಾಪ್ ಕೂಡ ಇರಬಾರದು. ಫಲಕದ ಅಕ್ಷರಗಳಿಗೆ ಪ್ರತಿ 3 ಮೀಟರ್ ದೂರಕ್ಕೆ ಸುಮಾರು 25 ಮಿಲಿಮೀಟರ್ ಎತ್ತರ ಎಂಬ ವಾಡಿಕೆಯ ಲೆಕ್ಕವಿದೆ. ಅದು ರೋಮನ್ ದೊಡ್ಡಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡ ಲೆಕ್ಕ. ಒತ್ತಕ್ಷರಗಳು ಕೆಳಗಿಳಿಯುವ ಕನ್ನಡಕ್ಕೆ ಅಕ್ಷರವನ್ನೂ ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಿಕೊಳ್ಳಬೇಕಾಗುತ್ತದೆ.

ಮಾದರಿಯನ್ನು ಕಟ್ಟುವುದು ಒಪ್ಪಿಸುವ ಶಾಸ್ತ್ರಕ್ಕಷ್ಟೇ ಎಂದು ಭಾವಿಸುವವರಿದ್ದಾರೆ. ಕಂಪ್ಯೂಟರಿನ ರೆಂಡರ್ (ನಿಜವೆನಿಸುವಂತೆ ಮೂಡಿಸಿದ ಚಿತ್ರ) ಬಹಳ ಬೇಗ ಚೆಂದವಾಗಿಬಿಡುತ್ತದೆ, ಅದರಲ್ಲಿ ಎಲ್ಲ ಗೋಡೆಯೂ ಒಂದೇ ಹದದಲ್ಲಿ ಹೊಳೆಯುತ್ತದೆ. 1:20ರಲ್ಲಿ ನನ್ನ ಮಳಿಗೆ 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಫೋಮ್ ಬೋರ್ಡಿನ ಪೆಟ್ಟಿಗೆ. ಅದರೊಳಗೆ ನಿಂತ ಮನುಷ್ಯಾಕೃತಿ 8 ಸೆಂಟಿಮೀಟರಿಗಿಂತ ತುಸು ಹೆಚ್ಚು. ಫೋನಿನ ಕ್ಯಾಮೆರಾವನ್ನು ಬಾಗಿಲಲ್ಲಿ, ನಿಂತವರ ಕಣ್ಣಿನ ಎತ್ತರವಾದ ಏಳೂವರೆ ಸೆಂಟಿಮೀಟರಿನಲ್ಲಿ ಹಿಡಿದು ಫೋಟೋ ತೆಗೆದರೆ ಒಳಗೆ ಬಂದವರಿಗೆ ಮೊದಲು ಏನು ಕಾಣುತ್ತದೆಂದು ತಿಳಿಯುತ್ತದೆ. 6 ಸೆಂಟಿಮೀಟರಿಗೆ ಇಳಿಸಿದರೆ ಕುಳಿತು ಬರುವವರ ನೋಟ ಸಿಗುತ್ತದೆ. ಈ ಕೆಳಗಿನ ನೋಟದಿಂದ ನೋಡಿದಾಗ ಮೇಜಿನ ಮೇಲೆ ಇಡಬೇಕೆಂದಿದ್ದ ಗುಂಡಿಗಳ ಎತ್ತರದ ಗಾಜಿನ ಜಾಡಿಗಳು ದಾರದ ಫಲಕವನ್ನು ಮರೆಮಾಡುತ್ತಿದ್ದವು. ಜಾಡಿಗಳ ಬದಲು ತಗ್ಗಾದ ತಟ್ಟೆಗಳು ಬಂದವು. ಕೆಂಪು ಎಳೆಯ ದಾರಿಯನ್ನೂ ಇದೇ ಮಾದರಿಯಲ್ಲಿ ನಿಜವಾದ ಹೊಲಿಗೆ ದಾರವನ್ನು ಎಳೆದು ನಿರ್ಧರಿಸಿದೆ.

ಅಂಗಡಿಯನ್ನು ಕಟ್ಟುವ ನಕ್ಷೆಯಷ್ಟೇ ಬಿಚ್ಚುವ ನಕ್ಷೆಯೂ ಪಾಪ್-ಅಪ್ ವಿನ್ಯಾಸದ ಭಾಗ ಎಂದು ನಮ್ಮ ಅಧ್ಯಾಪಕಿ ಆರಂಭದಿಂದಲೂ ಒತ್ತಿ ಹೇಳುತ್ತಿದ್ದರು. ಚೌಕಟ್ಟುಗಳೆಲ್ಲ ಅಂಟಿಲ್ಲದೆ ಬೋಲ್ಟುಗಳಿಂದ ಕೂಡಿದವು, ಯಾವ ಭಾಗವೂ ಬಾಗಿಲಿನ ಅಗಲವನ್ನು ಮೀರುವುದಿಲ್ಲ, ಯಾವುದನ್ನು ಎತ್ತಲೂ ಇಬ್ಬರಿಗಿಂತ ಹೆಚ್ಚು ಜನ ಬೇಡ. ಬಿಚ್ಚುವಾಗ ಮೊದಲು ಸರಕು, ಆಮೇಲೆ ದೀಪಗಳು, ಆಮೇಲೆ ಎಡಗೋಡೆಯ ಫಲಕಗಳು, ಆಮೇಲೆ ದಾರದ ಗೋಡೆ, ಕೊನೆಗೆ ಕಿಟಕಿ. ಒಳಗೆ ಎಲ್ಲ ಖಾಲಿಯಾಗುತ್ತಿದ್ದರೂ ಬೀದಿಗೆ ಅಂಗಡಿ ಕೊನೆಯ ಗಂಟೆಯವರೆಗೆ ಅಂಗಡಿಯಾಗಿಯೇ ಕಾಣಲಿ ಎಂಬುದು ಈ ಕ್ರಮದ ಉದ್ದೇಶ. ಐದು ಫಲಕಗಳು ಮತ್ತು ಗೂಟದ ಬೋರ್ಡು ಬೇರೆ ಅಳತೆಯ ಮಳಿಗೆಗೂ ಹೊಂದುವಂತೆ ಬಿಡಿಬಿಡಿ ಘಟಕಗಳಾಗಿವೆ. ಎರಡು ದೀಪಗಳ ಕಟ್ಟೆಯನ್ನು ಮಾತ್ರ ಪೂರ್ಣ ಅಳತೆಯಲ್ಲಿ ನಿಜವಾಗಿ ಕಟ್ಟಿ ತೋರಿಸುವ ಅನುಮತಿ ಸಿಕ್ಕಿದೆ. ಮುಂದಿನ ಅವಧಿಯಲ್ಲಿ ಅದನ್ನು ವಿಭಾಗದ ಹಜಾರದಲ್ಲಿಟ್ಟು, ಜನ ತಮ್ಮ ಬಟ್ಟೆಗೆ ದಾರ ಆರಿಸುವಾಗ ಮೊದಲು ಯಾವ ಗೂಡಿನ ಕಡೆಗೆ ಹೋಗುತ್ತಾರೆ, ಎರಡನೆಯದನ್ನು ನೋಡಿದ ಮೇಲೆ ತೀರ್ಮಾನ ಬದಲಿಸುತ್ತಾರೆಯೇ ಎಂಬುದನ್ನು ಗಮನಿಸಿ ಬರೆದುಕೊಳ್ಳಲಿದ್ದೇನೆ.